ಪರದೆಗೆ ಅಡ್ಡ ಬಂದ ಹಕ್ಕಿ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಅವಳಿ ತಾಲ್ಲೂಕುಗಳ ಸ್ಟುಡಿಯೋ ಮಾಲೀಕರ ಹಾಗೂ ವನ್ಯಜೀವಿ ಛಾಯಾಗ್ರಾಹಕರ ಸಂಘವು ಕೈಗೊಂಡಿರುವ ಉಷ್ಣವಲಯದ ಜೌಗು ಪ್ರದೇಶದ ಛಾಯಾಗ್ರಹಣ ಪ್ರವಾಸದ ಯೋಜನೆಯು ಯಾವುದೇ ಅಡೆತಡೆಯಿಲ್ಲದೆ ಪ್ರಗತಿಯಲ್ಲಿದೆ ಎಂದು ಸಾರ್ವಜನಿಕರ ಗಮನಕ್ಕೆ ತರಲು ಹರ್ಷಿಸುತ್ತೇನೆ. ಪ್ರವಾಸ ಇನ್ನೂ ಹೊರಟಿಲ್ಲ. ಹೊರಡುವುದು ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕಳೆದ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಗಿದೆ. ಆದರೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ಏನ್ ವೀರೇಶಣ್ಣ, ಕೇರಳದಿಂದ ಯಾವಾಗ ಬಂದ್ರಿ?" ಎಂದು ಹಲ್ಲು ಕಿಸಿಯುತ್ತಾರೆ. ಆದ್ದರಿಂದ ಸಂಘದ ಕಾರ್ಯದರ್ಶಿಯಾದ ನಾನು ನಡೆದ ಸಂಗತಿಯನ್ನು ನಡೆದ ಹಾಗೆಯೇ ತಿಳಿಸುವುದು ಒಳ್ಳೆಯದು.

ಚಳ್ಳಕೆರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಹೆಸರು ಸರೋವರ. ಒಂದು ಕಾಲಕ್ಕೆ ಈ ಊರಲ್ಲಿ ಯಾವ ಮಗು ಹುಟ್ಟಿದರೂ, ಯಾರ ಮದುವೆಯಾದರೂ ನನ್ನ ಎದುರು ಬಂದು ಕೂರದೆ ಅದು ಊರ್ಜಿತವಾಗುತ್ತಿರಲಿಲ್ಲ. "ಗದ್ದ ಸ್ವಲ್ಪ ಕೆಳಗೆ, ರೆಪ್ಪೆ ಬಡೀಬ್ಯಾಡ್ರಿ, ರೆಡಿ" ಎಂದು ಹೇಳಿಸಿಕೊಂಡವರಲ್ಲಿ ಎಣ್ಣೆ ಮಿಲ್ಲಿನ ಸಾಹುಕಾರರೂ ಇದ್ದಾರೆ, ಅವರ ಲಾರಿಯ ಕ್ಲೀನರುಗಳೂ ಇದ್ದಾರೆ. ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು. ಜನ ತಮ್ಮ ಮೂತಿಯನ್ನು ತಾವೇ ಹಿಡಿದುಕೊಳ್ಳತೊಡಗಿದರು. ಉಳಿದಿರುವುದು ಪ್ರಾಣಿ ಪಕ್ಷಿಗಳು, ಅವಕ್ಕೆ ಇನ್ನೂ ಫೋನು ಬಂದಿಲ್ಲ ಎಂಬುದನ್ನು ಮೊದಲು ಗಮನಿಸಿದವರು ಮೊಳಕಾಲ್ಮೂರಿನ ಸ್ಟುಡಿಯೋದ ಪಾತಣ್ಣ. ಆ ದೂರದೃಷ್ಟಿಗಾಗಿಯೇ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ, ಸಂಘದ ಹೆಸರಿಗೆ 'ವನ್ಯಜೀವಿ' ಎಂದು ಸೇರಿಸಿಕೊಂಡೆವು. ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದ ಇಫ್ತಿಕಾರ್ ಉಪಾಧ್ಯಕ್ಷ. ನಾನು ಕಾರ್ಯದರ್ಶಿ. ಉಳಿದ ಸ್ಟುಡಿಯೋಗಳೆಲ್ಲ ಬಾಗಿಲು ಹಾಕಿದ್ದರಿಂದ ಪದಾಧಿಕಾರಿಯಲ್ಲದ ಸದಸ್ಯ ನಮ್ಮ ಸಂಘದಲ್ಲಿ ಒಬ್ಬನೂ ಇಲ್ಲ. ಇಂಥ ಶಿಸ್ತು ಬೇರೆ ಸಂಘಗಳಲ್ಲಿ ಕಾಣಸಿಗದು.

ನಮ್ಮ ಕಡೆಯ ಸ್ಟುಡಿಯೋಗಳ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಊರು ನೋಡಿದರೆ ಒಣ ಒಣ, ಶೇಂಗಾ ಹೊಲ, ಕುರಿ ಮಂದೆ, ಧೂಳು. ಆದರೆ ಸ್ಟುಡಿಯೋ ಒಳಗೆ ಹೋದರೆ ಹಿಂದುಗಡೆ ಪರದೆ. ಪರದೆಯ ಮೇಲೆ ನೀಲಿ ಸರೋವರ, ಎರಡು ಹಂಸ, ದಂಡೆಯಲ್ಲಿ ತೆಂಗಿನ ಮರ, ಆಚೆಗೆ ಹಿಮದ ಬೆಟ್ಟ. ತೆಂಗಿನ ಮರಕ್ಕೆ ಹಿಮ ಬೀಳುತ್ತದೆಯೇ ಎಂದು ಈವರೆಗೆ ಯಾರೂ ತಕರಾರು ತೆಗೆದಿಲ್ಲ. ಎರಡು ತಾಲ್ಲೂಕುಗಳ ಗಂಡು ಹೆಣ್ಣುಗಳೆಲ್ಲ ಆ ನೀರಿನ ಮುಂದೆಯೇ ನಿಂತು ಮದುವೆಯ ಫೋಟೋ ತೆಗೆಸಿಕೊಂಡವರು. ನಾನೂ ನನ್ನ ಹೆಂಡತಿ ಶಿವಬಸಮ್ಮನೂ ಅದರ ಮುಂದೆಯೇ ನಿಂತದ್ದು. ಆಗ ಅವಳು ತಲೆ ತಗ್ಗಿಸಿಕೊಂಡೇ ಮೆಲ್ಲಗೆ "ಇಂಥ ನೀರು ಖರೇನೇ ಇರ್ತೈತೇನ್ರೀ? ಇಂಥ ಹಕ್ಕಿ?" ಎಂದು ಕೇಳಿದ್ದಳು. ನಾನು ಹೊಸ ಗಂಡ, ಬಾಯಿಗೆ ಬಂದದ್ದು ಹೇಳುವ ವಯಸ್ಸು. "ಕರ್ಕಂಡು ಹೋಗಿ ತೋರಿಸ್ತೀನಿ, ನಿನ್ನ ಕಣ್ಣೆದುರೇ ಫೋಟೋ ಹೊಡಿತೀನಿ" ಅಂದುಬಿಟ್ಟೆ. ಆ ಫೋಟೋ ಈಗಲೂ ಅಡಿಗೆಮನೆಯ ಬಾಗಿಲ ಮೇಲಿದೆ. ಹಂಸಗಳು ಹೊಗೆಗೆ ಕಂದಿವೆ. ಅವಳು ಆ ಮಾತನ್ನು ಮತ್ತೆ ಎತ್ತಿದವಳಲ್ಲ, ನಾನೂ ಎತ್ತಿದವನಲ್ಲ. ಎತ್ತದಿದ್ದರೆ ಮರೆತುಹೋಗುತ್ತದೆ ಎಂಬುದು ನನ್ನ ತಪ್ಪು ಲೆಕ್ಕ.

ಪ್ರವಾಸದ ಸಭೆ ಇಫ್ತಿಕಾರನ ಸ್ಟುಡಿಯೋದಲ್ಲಿ, ಪರದೆಯ ಮುಂದೆಯೇ ಸೇರಿತು. ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಪಾತಣ್ಣ ಯಾವುದೋ ಹಾಳೆಯಲ್ಲಿ ಓದಿಕೊಂಡು ಬಂದಿದ್ದ 'ಉಷ್ಣವಲಯದ ಜೌಗು ಪ್ರದೇಶ' ಎಂಬ ಪದವನ್ನು ಮಂಡಿಸಿದರು. ಅದು ಕೇರಳದ ಕಡೆ ಸಿಗುತ್ತದಂತೆ.

"ಉಷ್ಣ ಅಂದ್ರೆ ಬಿಸಿಲಲ್ಲವಾ? ಅದು ನಮ್ಮಲ್ಲೇ ಬೇಕಾದಷ್ಟೈತೆ," ಅಂದೆ.

"ಹಂಗಾದ್ರೆ ಅರ್ಧ ಪ್ರವಾಸ ಮುಗೀತು. ಇನ್ನ ಜೌಗು ಒಂದೇ ಬಾಕಿ," ಎಂದು ಪಾತಣ್ಣ ಘೋಷಿಸಿದರು. ಇದನ್ನು ಪ್ರಥಮ ಹಂತದ ಸಾಧನೆಯೆಂದು ನಡವಳಿಗೆ ಬರೆದುಕೊಂಡೆ.

ಇಫ್ತಿಕಾರನಿಗೆ ಒಂದು ಅನುಮಾನ. "ಅರೆ ಸಾಬ್, ಜೌಗು ಅಂದ್ರೆ ಕೀಚಡ್. ಕಾಲಿಟ್ರೆ ಒಳಗೆ ಎಳ್ಕೊಳ್ತೈತೆ. ನಾವು ಹುಟ್ಟಿದಾಗಿಂದ ಧೂಳಲ್ಲಿ ನಡೆದೋರು. ಕ್ಯಾಮೆರಾ ಸಮೇತ ಮುಳುಗಿದ್ರೆ ಯಾರು ಎತ್ತೋದು?"

ಪ್ರಶ್ನೆ ಗಂಭೀರವಾಗಿತ್ತು. ಮೂವರಲ್ಲಿ ಒಬ್ಬನಿಗೂ ಈಜು ಬರದು. ಈಜು ಬರದಿರುವುದನ್ನು ಚಳ್ಳಕೆರೆಯಲ್ಲಿ ಯಾರೂ ಕೊರತೆಯೆಂದು ಭಾವಿಸುವುದಿಲ್ಲ. ಕೊನೆಗೆ ಈ ಕೆಳಕಂಡ ನಿಯಮವನ್ನು ಅಂಗೀಕರಿಸಲಾಯಿತು: ಸಂಘದ ಯಾವನೇ ಸದಸ್ಯನು ಕೆಸರಿನಲ್ಲಿ ನಿಂತ ಪೂರ್ವಾನುಭವವಿಲ್ಲದೆ ಜೌಗು ಪ್ರದೇಶವನ್ನು ಪ್ರವೇಶಿಸತಕ್ಕದ್ದಲ್ಲ, ತತ್ಸಂಬಂಧ ಪೂರ್ವಾಭ್ಯಾಸವನ್ನು ಸಂಘವೇ ಏರ್ಪಡಿಸತಕ್ಕದ್ದು. ಅದರ ಕೆಳಗೆ ನಾನೇ ಇನ್ನೊಂದು ನಿಯಮ ಸೇರಿಸಿದೆ: ಬಳೆಯ ಸದ್ದಿಗೆ ಪಕ್ಷಿಗಳು ಬೆದರುವುದರಿಂದ ಸದಸ್ಯರ ಕುಟುಂಬದವರಿಗೆ ಪ್ರವೇಶವಿಲ್ಲ. ಪಾತಣ್ಣನ ಭಾವಮೈದ ಎಲ್ಲ ಕಡೆ ಊಟಕ್ಕೆ ಬಂದು ವಕ್ಕರಿಸುತ್ತಾನೆ, ಅವನನ್ನು ತಪ್ಪಿಸುವುದು ನನ್ನ ಉದ್ದೇಶ. ಅವನು ಬಳೆ ತೊಡುವುದಿಲ್ಲ ಎನ್ನುವುದಾಗಲಿ, ನನಗೂ ಒಬ್ಬಳು ಹೆಂಡತಿ ಇದ್ದಾಳೆ ಎನ್ನುವುದಾಗಲಿ ಬರೆಯುವ ಹುಮ್ಮಸ್ಸಿನಲ್ಲಿ ಹೊಳೆಯಲಿಲ್ಲ.

ಮನೆಗೆ ಹೋಗಿ ಪ್ರವಾಸದ ಸುದ್ದಿ ಹೇಳಿದೆ. ಶಿವಬಸಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ನಾನೂ ಬರ್ತೀನ್ರೀ."

ಅಷ್ಟೇ ಅಂದದ್ದು. ಹಳೆಯ ಮಾತು ಎತ್ತಲಿಲ್ಲ, ಬಾಗಿಲ ಮೇಲಿನ ಫೋಟೋ ಕಡೆ ನೋಡಲೂ ಇಲ್ಲ. ನಿಯಮ ವಿವರಿಸಿದೆ. ವಿನಾಯಿತಿ ಬೇಕಾದರೆ ಕಾರ್ಯದರ್ಶಿಗೆ ಅರ್ಜಿ ಹಾಕಬೇಕು ಅಂದೆ.

"ಕಾರ್ಯದರ್ಶಿ ನೀವೇ ಅಲ್ವಾ?"

"ಹೌದು. ಆದ್ರೆ ನನ್ನ ಹೆಂಡ್ತಿ ಅರ್ಜೀನ ನಾನೇ ಮಂಜೂರು ಮಾಡಿದ್ರೆ ಪಕ್ಷಪಾತ ಆಗ್ತೈತೆ. ಅದಕ್ಕೆ ತಿರಸ್ಕಾರ ಮಾಡ್ಬೇಕಾಗ್ತೈತೆ."

"ತಿರಸ್ಕಾರ ಮಾಡೋ ಅರ್ಜಿ ಯಾಕೆ ಹಾಕ್ಲಿ?"

"ಹಾಕದಿದ್ರೆ ತಿರಸ್ಕಾರ ಮಾಡೋಕೆ ಬರಲ್ಲ ಕಣೆ."

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಸ್ವಲ್ಪ ಜೋರಾಗಿಯೇ ಹಾಕಿದಳು.

ಪೂರ್ವಾಭ್ಯಾಸಕ್ಕೆ ಜಾಗ ಹುಡುಕುತ್ತ ಮೊದಲು ದೊಡ್ಡಉಳ್ಳಾರ್ತಿ ಕಾವಲಿಗೆ ಹೋದೆವು. ಮೂವರೂ ಕಾಡಿನಲ್ಲಿ ಮರೆಯಾಗಿ ನಿಲ್ಲಲೆಂದು ಗಾಢ ಹಸಿರಿನ ಅಂಗಿ ಚಡ್ಡಿ ಹೊಲಿಸಿಕೊಂಡಿದ್ದೆವು. ಒಣಗಿದ ಹುಲ್ಲುಗಾವಲಿನಲ್ಲಿ ಹಸಿರು ಎಂದರೆ ನಾವು ಮೂವರೇ. ಕುರಿಗಳು ದೂರದಿಂದಲೇ ನೋಡಿ ಆಸೆಯಿಂದ ಹಿಂದೆ ಬಿದ್ದವು. ಓಡಿ ಕಾರು ಹತ್ತಿದೆವು. ಅಷ್ಟರಲ್ಲಿ ಕೃಷ್ಣಮೃಗಗಳ ಹಿಂಡೊಂದು ದಾರಿಗೆ ಅಡ್ಡ ಬಂದು, ಚಂಗನೆ ಒಂದರ ಹಿಂದೊಂದು ಹಾರತೊಡಗಿದ್ದರಿಂದ ಕಾರು ನಿಲ್ಲಿಸಬೇಕಾಯಿತು. ಪಾತಣ್ಣ ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದರು.

"ಏಮಪ್ಪಾ ಇದು, ವನ್ಯಜೀವಿ ಕೆಲಸಕ್ಕೆ ಹೋಗೋರಿಗೆ ದಾರಿ ಬಿಡಲ್ವಲ್ಲ ಇವು!"

ಜಾಗದಲ್ಲಿ ಜೌಗು ಇಲ್ಲದ ಕಾರಣ ಕಾವಲನ್ನು ತಿರಸ್ಕರಿಸಿ, ಮೃಗಗಳನ್ನು 'ಮಾರ್ಗಮಧ್ಯದ ಅಡಚಣೆ' ಎಂದು ನಮೂದಿಸಿ ವಾಪಸಾದೆವು.

ಜಾಗ ಸಿಕ್ಕಿದ್ದು ಪರಶುರಾಂಪುರದ ಬೊಮ್ಮಲಿಂಗಪ್ಪನ ಹೊಲದಲ್ಲಿ. ಈರುಳ್ಳಿ ಕಿತ್ತಾದ ಮೇಲೆ ತಗ್ಗಿನ ಒಂದು ಪಟ್ಟಿ ಸುಮ್ಮನೆ ಬಿದ್ದಿತ್ತು, ಪಕ್ಕದಲ್ಲೇ ಬೋರ್‌ವೆಲ್. ಬೊಮ್ಮಲಿಂಗಪ್ಪ ಮೊದಲು ಒಪ್ಪಲಿಲ್ಲ. 'ಗೌರವ ಜೌಗು ಅಧಿಕಾರಿ' ಎಂಬ ಹುದ್ದೆ ಕೊಡುತ್ತೇವೆ ಎಂದಾಗ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಅಧಿಕಾರಿ ಅಂದ್ರೆ ಜನ ನನ್ನ ಕೇಳ್ಬೇಕಾ?" ಎಂದ. ಕೇಳಲೇಬೇಕು ಅಂದೆವು. ಅಂದೇ ಮೋಟಾರು ಚಾಲೂ ಆಯಿತು. ಅವನ ಹೆಂಡತಿ ಕೆಂಚಕ್ಕ ಮಾತ್ರ ಬದುವಿನ ಮೇಲೆ ನಿಂತು ಬಾಯಿ ಮಾಡಿದಳು.

"ಈರುಳ್ಳಿಗೆ ಬಿಡು ಅಂದಾಗ ಕರೆಂಟಿಲ್ಲ ಅಂತಿದ್ದೆ. ಈಗ ಈ ಗಂಡಸ್ರು ನಿಂತ್ಕಣಾಕೆ ನೀರು ಬಂತಾ? ಇವ್ರೇನು ಮೊಳಕೆ ಒಡೀತಾರಾ?"

"ಸುಮ್ನಿರಲೇ, ಇದು ಸರ್ಕಾರಿ ಲೆವೆಲ್ಲಿಂದು," ಎಂದ ಗೌರವ ಜೌಗು ಅಧಿಕಾರಿ.

ಕೆಸರಾಯಿತು. ನಿಂತೆವು. ಮೊದಲ ದಿನವೇ ಪಾತಣ್ಣನ ಚಪ್ಪಲಿ ಹೋಯಿತು, ಇಂದಿಗೂ ಸಿಕ್ಕಿಲ್ಲ. ನಾನು ಎರಡು ಸಲ ಕೂತುಬಿಟ್ಟೆ. ಇಫ್ತಿಕಾರ್ "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತ ಬದುವಿನ ಕಲ್ಲು ಹಿಡಿದುಕೊಂಡೇ ಅನುಭವ ಪಡೆದ. ಬರೀ ನಿಂತರೆ ಅಭ್ಯಾಸ ಹೇಗಾದೀತು, ಕ್ಯಾಮೆರಾ ಹಿಡಿಯಲು ಎದುರಿಗೆ ಏನಾದರೂ ಬೇಕಲ್ಲ? ಹೀಗಾಗಿ ನನ್ನ ಸ್ಟುಡಿಯೋದ ಪರದೆಯನ್ನೇ ತಂದು, ಕೆಸರಿನ ನಟ್ಟನಡುವೆ ಎರಡು ಬಿದಿರು ಹುಗಿದು ಕಟ್ಟಿದೆವು. ಮುಂದೆ ಕೆಸರು, ಹಿಂದೆ ಸರೋವರ, ಹಂಸ, ಹಿಮಾಲಯ. ನೋಡಿದರೆ ಯಾರಿಗಾದರೂ ಜೌಗು ಎನ್ನಿಸುವ ಹಾಗಿತ್ತು. ನಾವು ಮೂವರೂ ಸಾಲಾಗಿ ನಿಂತು ಹಂಸಗಳಿಗೆ "ಗದ್ದ ಕೆಳಗೆ" ಎಂದು ಹೇಳಿ ಕ್ಲಿಕ್ ಮಾಡುವುದನ್ನು ರೂಢಿಸಿಕೊಂಡೆವು. ಅವು ರೆಪ್ಪೆ ಬಡಿಯುತ್ತಿರಲಿಲ್ಲ. ಒಂದು ಪಟವೂ ಕೆಡಲಿಲ್ಲ.

ಮಧ್ಯಾಹ್ನದ ಬುತ್ತಿ ತರುವುದು ಶಿವಬಸಮ್ಮ. ಬುತ್ತಿ ತರುವವರನ್ನು ನಿಯಮ ತಡೆಯುವುದಿಲ್ಲ, ಅವರು ಪ್ರವೇಶಿಸಿದಂತೆ ಆಗುವುದಿಲ್ಲ, ಬುತ್ತಿ ಪ್ರವೇಶಿಸಿದಂತೆ ಆಗುತ್ತದೆ. ಅವಳು ಬಸ್ಸಿನಲ್ಲಿ ಬಂದು ಪರದೆಯ ಆಚೆ ಬದುವಿನ ಮೇಲೆ ಕೆಂಚಕ್ಕನ ಜೊತೆ ಕೂರುತ್ತಿದ್ದಳು. ನೀರು ಹರಿಸುತ್ತಲೇ ಇದ್ದುದರಿಂದ ಪರದೆಯ ಹಿಂದೆಯೂ ಒಂದಷ್ಟು ನಿಂತಿತ್ತು. ಹುಳ ಹುಪ್ಪಟೆ ಆಗಿತ್ತು. ನಾವು ಆ ಕಡೆ ನೋಡಿರಲಿಲ್ಲ, ನೋಡಲು ಬಿಡುವಿರಲಿಲ್ಲ.

ಒಂದು ದಿನ ಆ ಕಡೆಯಿಂದ ಅವಳ ದನಿ ಕೇಳಿತು. "ರೀ, ಇಲ್ಲಿ ಬರ್ರೀ! ಬೇಗ ಬರ್ರೀ!"

"ಸುಮ್ನಿರೆ, ಅಭ್ಯಾಸ ನಡೀತೈತೆ!"

ಆಗ ಅದು ಪರದೆಯ ಅಂಚಿನಿಂದ ತಾನೇ ಈಚೆ ಬಂತು. ಮೆಟ್ಟುಗಾಲು ಹಕ್ಕಿ ಅನ್ನುತ್ತಾರಲ್ಲ, ಅದು. ಕೋಲಿನಂಥ ಉದ್ದ ಕೆಂಪು ಕಾಲು, ಬಿಳಿ ಮೈ, ಕಪ್ಪು ರೆಕ್ಕೆ. ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಎತ್ತಿಟ್ಟುಕೊಂಡು, ಮದುವೆಮನೆಗೆ ಹೊಸ ಸೀರೆ ಉಟ್ಟು ಬಂದವಳ ಹಾಗೆ ನಡೆದು ಬಂದು, ನಮ್ಮ ಎರಡು ಹಂಸಗಳ ನಡುವೆ ಸರಿಯಾಗಿ ನಿಂತುಕೊಂಡಿತು. ಅದರ ನೆರಳು ನೀರಲ್ಲಿತ್ತು. ಪರದೆಯ ಹಂಸಗಳಿಗೆ ನೆರಳಿಲ್ಲ ಎನ್ನುವುದು ನನಗೆ ಆವತ್ತೇ ಗೊತ್ತಾದದ್ದು.

"ಯಾವನ್ಲೇ ಇದನ್ನ ಒಳಗೆ ಬಿಟ್ಟೋನು?" ಎಂದು ಪಾತಣ್ಣ ಗದರಿದರು.

"ಜರಾ ಸರೀರಿ, ಫ್ರೇಮಿಗೆ ಅಡ್ಡ ಬಂತು," ಎಂದ ಇಫ್ತಿಕಾರ್, ಹಕ್ಕಿಗೇ.

ಶಿವಬಸಮ್ಮ ಪರದೆಯ ಪಕ್ಕಕ್ಕೆ ಬಂದು ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಬಳೆಯ ಸದ್ದಾಗದಿರಲೆಂದು ಒಂದು ಕೈಯಿಂದ ಇನ್ನೊಂದು ಕೈಯ ಬಳೆ ಬಿಗಿಯಾಗಿ ಹಿಡಿದಿದ್ದಳು. ನನ್ನ ಕಡೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಅಡಿಗೆಮನೆ ಬಾಗಿಲ ಮೇಲಿನ ಫೋಟೋದಲ್ಲಿ ತಲೆ ಎತ್ತಿದ್ದರೆ ಹೀಗೇ ನೋಡಿರುತ್ತಿದ್ದಳು. ನನ್ನ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು.

ಆದರೆ ನಾನು ಕಾರ್ಯದರ್ಶಿ. ಕೈ ಎತ್ತಿ ಅಧ್ಯಕ್ಷರ ಅನುಮತಿ ಕೇಳಿದೆ.

"ಅಟ್ಲ ಕಾದು, ಹಂಗಲ್ಲ ವೀರೇಶ," ಎಂದರು ಪಾತಣ್ಣ, ಮೊಳಕಾಲುದ್ದ ಕೆಸರಿನಲ್ಲಿ ಸಭಾಗಾಂಭೀರ್ಯ ತಂದುಕೊಂಡು. "ಇದು ಪೂರ್ವಾಭ್ಯಾಸ. ಪೂರ್ವಾಭ್ಯಾಸದಲ್ಲೇ ಖರೇ ಹಕ್ಕಿ ಹೊಡೆದ್ರೆ ಪ್ರವಾಸ ಎಲ್ಲೈತೆ? ಉದ್ದೇಶ ಈಡೇರಿತು ಅಂತ ಆಗ್ತೈತೆ. ಈಡೇರಿದ ಮೇಲೆ ಸಂಘ ಯಾಕೆ?"

"ಅರೆ ಸಾಬ್, ಒಂದು ತೆಗೀಲಿ ಬಿಡಿ," ಎಂದ ಇಫ್ತಿಕಾರ್. "ಭಾಭಿ ನೋಡ್ತಾ ಅವ್ರೆ."

"ಹಂಗಾದ್ರೆ ಮತಕ್ಕೆ ಹಾಕಾನ. ತೆಗೀಬೇಕು ಅನ್ನೋರು?"

ಇಫ್ತಿಕಾರ್ ಕೈ ಎತ್ತಿದ.

"ಬ್ಯಾಡ ಅನ್ನೋರು?" ಎಂದು ಪಾತಣ್ಣ ತಾವೇ ಕೈ ಎತ್ತಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಸಂಘ ಹೋದ್ರೆ ನೀನು ಯಾತರ ಕಾರ್ಯದರ್ಶಿಯಪ್ಪ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸ್ಟುಡಿಯೋಗೆ ವಾರಕ್ಕೊಬ್ಬ ಗಿರಾಕಿ ಬಂದರೆ ಪುಣ್ಯ. ಕಾರ್ಯದರ್ಶಿಯಾದ ಮೇಲೆ ಜನ ನಮಸ್ಕಾರ ಹೇಳುತ್ತಿದ್ದರು, ನಗುತ್ತಲೇ ಆದರೂ ಹೇಳುತ್ತಿದ್ದರು. ಹಕ್ಕಿ ಇನ್ನೂ ನಿಂತೇ ಇತ್ತು. ಗದ್ದ ಸ್ವಲ್ಪ ಕೆಳಗಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಸರಿಯಾಗಿ ನಿಂತವರನ್ನು ನಾನು ನೋಡಿಲ್ಲ, ಸ್ವತಃ ನನ್ನ ಮದುವೆಯಲ್ಲಿ ನಾನೂ ಹಾಗೆ ನಿಂತಿರಲಿಲ್ಲ.

ಕ್ಯಾಮೆರಾ ಇಳಿಸಿ, ಬ್ಯಾಡ ಎಂದು ಕೈ ಎತ್ತಿದೆ.

ಶಿವಬಸಮ್ಮ ಹಿಡಿದಿದ್ದ ಬಳೆಗಳನ್ನು ಬಿಟ್ಟಳು. ಅವು ಘಲ್ ಅಂದವು. ಹಕ್ಕಿ ಅದಕ್ಕೂ ಬೆದರಲಿಲ್ಲ, ನಿಯಮ ಅದಕ್ಕೆ ತಿಳಿದಿರಲಿಲ್ಲವೋ ಏನೋ. ಕೊನೆಗೆ ನಿರ್ಣಯವನ್ನು ಜಾರಿಗೊಳಿಸಲು ಗೌರವ ಜೌಗು ಅಧಿಕಾರಿ ಬೊಮ್ಮಲಿಂಗಪ್ಪ ಟವೆಲ್ ಬೀಸಿ "ಹುಶ್, ಹುಶ್" ಎಂದ ಮೇಲೆ, ಹಾರಿ ಪರದೆಯ ಆಚೆ ಹೋಯಿತು. ಅವಳೂ ಆಚೆ ಹೋದಳು. ಸಭೆ ಎರಡು ನಿಮಿಷ ಮೌನವಾಗಿತ್ತು. ಯಾರೂ ತೀರಿಕೊಂಡಿರಲಿಲ್ಲವಾದ್ದರಿಂದ ಅದನ್ನು ಶ್ರದ್ಧಾಂಜಲಿ ಎಂದು ದಾಖಲಿಸಲು ಬರಲಿಲ್ಲ.

ಮುಂದಿನದೆಲ್ಲ ಸಲೀಸಾಗಿ ನಡೆಯಿತು. ಆವತ್ತೇ ಪರದೆಯ ಮುಂದೆ ಕೆಸರಲ್ಲಿ ನಿಂತು ಮೂವರೂ ತೆಗೆಸಿಕೊಂಡ ಫೋಟೋವನ್ನು ದೊಡ್ಡದು ಮಾಡಿಸಿ ನಮ್ಮ ನಮ್ಮ ಸ್ಟುಡಿಯೋದಲ್ಲಿ ತೂಗುಹಾಕಿದೆವು. ನೋಡಿದವರೆಲ್ಲ "ಕೇರಳನಾ?" ಅಂದರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, "ಯೋಜನೆಯ ಹಂತದಲ್ಲೈತೆ" ಅಂದೆವು. ಮೊದಲು ನಾಯಕನಹಟ್ಟಿಯಿಂದ ಒಂದು ಜೋಡಿ ಬಂತು, ಮದುವೆಗೆ ಮುಂಚೆ ಕೇರಳದಲ್ಲಿ ಫೋಟೋ ತೆಗೆಸಿಕೊಳ್ಳಬೇಕಂತೆ, ರಜೆ ಇಲ್ಲವಂತೆ. ಪರಶುರಾಂಪುರಕ್ಕೆ ಕರೆದುಕೊಂಡು ಹೋದೆ. ಆಮೇಲೆ ಸಾಲು ಹಿಡಿಯಿತು. ಈಗ ವಧೂವರರು ಮೊಳಕಾಲವರೆಗೆ ಬಟ್ಟೆ ಎತ್ತಿಕೊಂಡು ಬೊಮ್ಮಲಿಂಗಪ್ಪನ ಅನುಮತಿ ಕೇಳಿ ಕೆಸರಿಗಿಳಿಯುತ್ತಾರೆ. ಈರುಳ್ಳಿ ಬೆಳೆಯುವುದನ್ನು ಅವನು ಬಿಟ್ಟಿದ್ದಾನೆ, ಅಧಿಕಾರಿಗೆ ಅದೆಲ್ಲ ಒಪ್ಪುವುದಿಲ್ಲ. ಆಗಾಗ ಹಿಂದಿನಿಂದ ಹಕ್ಕಿಗಳು ಈಚೆ ಬರುತ್ತವೆ. ಪರದೆಯ ಹಂಸಗಳಿಗೆ ಅಡ್ಡವಾಗುತ್ತವೆಂದು ಗಿರಾಕಿಗಳೇ ದೂರುತ್ತಾರೆ, ಟವೆಲ್ ಬೀಸಿ ಓಡಿಸಲಾಗುತ್ತದೆ. ಬಿಸಿಲಿಗೆ ಬಣ್ಣ ಮಾಸಿದ್ದರಿಂದ ಹಂಸಗಳಿಗೆ ಹೊಸದಾಗಿ ಸುಣ್ಣ ಹಚ್ಚಿಸಿದ್ದೇವೆ. ಕೆಂಚಕ್ಕನೂ ಈಗ ಬಾಯಿ ಮಾಡುವುದಿಲ್ಲ, ವಧುಗಳ ಕಾಲು ತೊಳೆಯಲು ಬಿಂದಿಗೆಯಲ್ಲಿ ನೀರಿಟ್ಟಿರುತ್ತಾಳೆ.

ಶಿವಬಸಮ್ಮ ದಿನಾ ಮಧ್ಯಾಹ್ನ ಬುತ್ತಿ ತಂದು ನನ್ನ ಕೈಗೆ ಕೊಟ್ಟು, ಪರದೆಯ ಆಚೆ ಹೋಗಿ ಕೂರುತ್ತಾಳೆ. ಆ ಕಡೆಯಿಂದ ಕೆಲವೊಮ್ಮೆ ಅವಳು ನಗುವುದು ಕೇಳುತ್ತದೆ. ಮನೆಯಲ್ಲಿ ಅವಳು ಹಾಗೆ ನಗುವುದನ್ನು ನಾನು ಕೇಳಿಲ್ಲ. ಒಂದೆರಡು ಸಲ ಎದ್ದು ಹೋಗಿ ನೋಡಬೇಕೆನ್ನಿಸಿದ್ದು ನಿಜ. ಆದರೆ ಗಿರಾಕಿಗಳು, ಸಭೆ, ನಡವಳಿ.

ಮೊನ್ನೆ ಬುತ್ತಿ ಕೊಡುವಾಗ ಅವಳೇ ಕೇಳಿದಳು. "ಇವತ್ತಾದ್ರೂ ಆ ಕಡೆ ಬರ್ತೀರಾ? ಆ ಹಕ್ಕಿಗಳು ಗೂಡು ಕಟ್ಟಿದ್ವಲ್ಲ, ಮರಿ ಆಗ್ಯಾವೆ. ನಿನ್ನೆಯಿಂದ ನಡೀತಾವೆ. ಇಷ್ಟಿಷ್ಟೇ ಕಾಲು."

"ಇವತ್ತು ಆಗಲ್ಲ ಕಣೆ. ಪ್ರವಾಸದ ಸಭೆ ಐತೆ. ಇದೊಂದು ನಿಗದಿ ಆಗ್ಲಿ, ವಿನಾಯಿತಿ ಮಾಡಿಸಿ ನಿನ್ನ ಕೇರಳಕ್ಕೇ ಕರ್ಕಂಡು ಹೋಗಿ ಹಕ್ಕಿ ತೋರಿಸ್ತೀನಿ."

ಅವಳು ನನ್ನ ಹಸಿರು ಅಂಗಿಗೆ ಅಂಟಿದ್ದ ಕೆಸರನ್ನು ಸೆರಗಿನಿಂದ ಒರೆಸಿದಳು.

"ಆಗ್ಲಿ ಬಿಡ್ರಿ, ಸಭೆಯೂ ನಡೀಬೇಕಲ್ಲ. ನಾನು ನೋಡ್ಕಂಡು ಬಂದು ಹೆಂಗಿದ್ವು ಅಂತ ಹೇಳ್ತೀನಿ," ಅಂದಳು.

ಅವಳು ಹೇಳಿದ್ದನ್ನೆಲ್ಲ 'ಇತರೆ ವಿಷಯಗಳು' ಎಂಬ ತಲೆಬರಹದಡಿ ಬರೆದುಕೊಂಡಿದ್ದೇನೆ. ಮುಂದಿನ ಸಭೆಯಲ್ಲಿ ಮಂಡಿಸಲಾಗುವುದು.